ಬೆಳಿಯೋ ಹುಡುಗಿಗೆ ದೊಡ್ಡ ಶೂ ಬ್ಯಾಡ್ರಿ

ಮಕ್ಕಳಿಗೆ ಶೂ ತಗೊಳ್ಳೋದ್ರಾಗ ನಮ್ಮ ಮಂದೀದು ಮೂರು ಲೆಕ್ಕ. ಬೆಳಿಯೋ ಕಾಲು, ಅದಕ್ಕ ಒಂದು ನಂಬರ ದೊಡ್ಡದು ತಗೋ. ಸಡ್ಲಾತಂದ್ರ ಮುಂದ ಹತ್ತಿ ತುರುಕು. ಅಕ್ಕಗ ಸಣ್ಣದಾದ ಮ್ಯಾಲೆ ತಂಗಿಗೆ ಕೊಡು. ಮೂರೂ ಶಾಣ್ಯಾತನದ ಲೆಕ್ಕನ, ಇಂಥಾ ಲೆಕ್ಕದ ಮ್ಯಾಲೆನ ನಮ್ಮ ಮನಿಗೋಳು ನಡದಾವ. ಆದ್ರ ಒಂದು ಶೂ ಅದ, ಅದಕ್ಕ ಈ ಲೆಕ್ಕ ಹಚ್ಚಿದ್ರ ಹುಡುಗಿ ಕಾಲು ಕೆಡ್ತದ. ಬ್ಯಾಲೆ ಕಲಿಯೋ ಹುಡುಗ್ಯಾರು ಬೆರಳಿನ ತುದೀ ಮ್ಯಾಲೆ ನಿಂದರಲಿಕ್ಕೆ ಹಾಕ್ಕೊಳ್ತಾರಲ್ಲ, ಆ ಪಾಯಿಂಟ್ ಶೂ.

ಈಗ ನಮ್ಮ ಬಳಗದಾಗ ಬ್ಯಾಲೆ ಕಲಿಯೋ ಹುಡುಗ್ಯಾರು ಒಬ್ಬರಲ್ಲ ಇಬ್ಬರಲ್ಲ. ಇಂಗ್ಲೆಂಡಿನ್ಯಾಗ, ಅಮೆರಿಕಾದಾಗ, ಆಸ್ಟ್ರೇಲಿಯಾದಾಗ ಇರೋ ಮೊಮ್ಮಕ್ಕಳು ಐದಾರು ವರ್ಷಕ್ಕ ಕ್ಲಾಸಿಗೆ ಹೋಗಲಿಕ್ಕೆ ಶುರು ಮಾಡ್ತಾವ. ಹತ್ತು ವರ್ಷ ಆಗೂದರಾಗ ಊರಿಂದ ಫೋನು ಶುರು: "ತುದೀ ಮ್ಯಾಲೆ ಯಾವಾಗ ನಿಂದರ್ತಾಳ? ಫೋಟೋ ಕಳಸ್ರಿ." ಆ ಕಡೆ ತಾಯಿಗೆ ಚಿಂತಿ: ಜೋಡಿ ಹುಡುಗಿಗೆ ಶೂ ಸಿಕ್ಕದ, ನಮ್ಮಾಕಿಗೆ ಯಾಕ ಸಿಕ್ಕಿಲ್ಲ?

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೇನಿ. ಕಾಲು ತಯಾರ ಆಗೂತನಕ ಶೂ ಬ್ಯಾಡ. ತಯಾರ ಆದ ಮ್ಯಾಲೆ ಶೂದಾಗ ಉಳಿತಾಯ ಬ್ಯಾಡ. ಮತ್ತ "ಯಾವಾಗ" ಅಂತ ಕೇಳೂದನ್ನ ದೊಡ್ಡೋರಾದ ನಾವು ಬಿಡಬೇಕು.

ಆ ಶೂದ ಒಳಗ ಕಟಗಿ ಇರ್ತದ, ಕಬ್ಬಣ ಇರ್ತದ, ಅದ ಹುಡುಗೀನ್ನ ಎತ್ತಿ ಹಿಡೀತದ ಅಂತ ಭಾಳ ಮಂದಿ ತಿಳಕೊಂಡಾರ. ಹಂಗೇನಿಲ್ಲ. ಹಿಂದಕ ನಮ್ಮ ಮನಿಗೊಳಾಗ ರದ್ದಿ ಪೇಪರ್ ನೆನಸಿ, ಮೆಂತ್ಯೆ ಕೂಡಿಸಿ ಅರದು, ಗಡಿಗಿ ಬೋರಲ ಹಾಕಿ ಅದರ ಮ್ಯಾಲೆ ಬಡದು ಬುಟ್ಟಿ ಮಾಡ್ತಿದ್ರಲ್ಲ, ಹೆಚ್ಚುಕಮ್ಮಿ ಅದ ಜಾತಿ ಕೆಲಸ. ಬಟ್ಟಿ, ಗೋಣಿತಟ್ಟು, ಕಾಗದ ಒಂದರ ಮ್ಯಾಲೊಂದು ಅಂಟು ಹಚ್ಚಿ ಕೂಡಿಸಿ ಒಣಗಿಸಿದ್ರ ಮುಂದಿನ ಗಟ್ಟಿ ಡಬ್ಬಿ ಆಗ್ತದ. ಅದಕ್ಕ ಬಾಕ್ಸ್ ಅಂತಾರ. ಅದರ ತುದಿ ಚಪ್ಪಟಿ, ದೊಡ್ಡ ನಾಣ್ಯದಷ್ಟು ಜಾಗಾ. ಅಂಗಾಲಿನ ಕೆಳಗ ಒಂದು ಬಿರುಸಾದ ಪಟ್ಟಿ, ಅದಕ್ಕ ಶ್ಯಾಂಕ್ ಅಂತಾರ, ಬಹುತೇಕ ರಟ್ಟಿಂದು ಇಲ್ಲಾ ಚರ್ಮದ್ದು. ಮ್ಯಾಲೆ ಸ್ಯಾಟಿನ್ ಬಟ್ಟಿ, ಬಾಯಿಗೆ ಒಂದು ಸಣ್ಣ ಲಾಡಿ. ಮುಗೀತು. ಈಗ ಪ್ಲಾಸ್ಟಿಕ್ ಜಾತೀ ವಸ್ತು ಹಾಕಿದ್ದೂ ಬಂದಾವ. ಆದ್ರ ಕಾಗದದ್ದಿರಲಿ, ಪ್ಲಾಸ್ಟಿಕಿಂದಿರಲಿ, ಶೂ ಆಸರಾ ಕೊಡ್ತದ, ಎತ್ತಂಗಿಲ್ಲ. ಎತ್ತೂದು ಹುಡುಗಿ ಪಾದ, ಹರಡು, ಮೀನಖಂಡ, ತೊಡಿ, ಹೊಟ್ಟಿ, ಬೆನ್ನು.

ಇದಕ್ಕ ಚರಿತ್ರೀನ ಸಾಕ್ಷಿ. 1832ರಾಗ ಪ್ಯಾರಿಸ್ಸಿನ್ಯಾಗ ಮರೀ ತಾಲ್ಯೋನಿ ಅನ್ನಾಕಿ "ಲಾ ಸಿಲ್ಫೀಡ್" ಬ್ಯಾಲೆದಾಗ ತುದಿಗಾಲ ಮ್ಯಾಲೆ ಕುಣದಾಗ ಮಂದಿ ಬೆರಗಾದ್ರು. ಆಕಿ ಕಾಲಾಗ ಇದ್ದದ್ದು ಮೆತ್ತನ್ನ ಸ್ಯಾಟಿನ್ ಚಪ್ಪಲಿ. ತುದೀಗೆ ಮತ್ತ ಬದಿಗೆ ಸೂಜಿ-ದಾರದ್ಲೆ ರಫೂ ಮಾಡಿ ಬಿಗಿ ಮಾಡಿದ್ದು, ಅಷ್ಟ. ಬಾಕ್ಸ್ ಇಲ್ಲ, ಪಟ್ಟಿ ಇಲ್ಲ. ಅಪ್ಪನ ಕೈಯಾಗ ದಿನಾ ತಾಸುಗಟ್ಟಲೆ ತಾಲೀಮು ಮಾಡಿ ಗಟ್ಟಿ ಆದ ಕಾಲು ಅವು. ಗಟ್ಟಿ ಮೂತಿ ಶೂ ಬಂದದ್ದು ಅದೇ ಶತಮಾನದ ಕೊನಿಗೆ, ಇಟಲಿ ಕಡಿಂದ. 1895ರಾಗ ಪಿಯರೀನಾ ಲೆನ್ಯಾನಿ "ಸ್ವಾನ್ ಲೇಕ್" ದಾಗ ಒಂದ ಕಾಲ ಮ್ಯಾಲೆ ಒಂದರ ಹಿಂದೊಂದು 32 ಸುತ್ತು ಹಾಕಿದ್ದು ಅಂಥಾ ಶೂದಾಗ. ಅಂದ್ರ ಕಾಲು ಮೊದಲ ತಯಾರಾತು, ಶೂ ಆಮ್ಯಾಲೆ ಬಂತು. ನಾವು ಈಗ ಅದನ್ನ ಉಲ್ಟಾ ಮಾಡಲಿಕ್ಕೆ ಹೊಂಟೇವಿ.

ಹಂಗಾರ ಕಾಲು ತಯಾರ ಆಗೇದ ಅಂತ ಹೆಂಗ ತಿಳಕೋಬೇಕು? ವಯಸ್ಸು ಒಂದ ಮಾತು, ಪೂರ್ತಿ ಮಾತಲ್ಲ. ನೃತ್ಯ ಮಾಡೋರ ಆರೋಗ್ಯದ ಸಲುವಾಗಿ ಐ.ಎ.ಡಿ.ಎಂ.ಎಸ್. ಅಂತ ಒಂದು ಅಂತರರಾಷ್ಟ್ರೀಯ ಸಂಘ ಅದ. ಅವರ ಸಲಹಾ ಹಿಂಗದ: 12 ವರ್ಷಕ್ಕಿಂತ ಮೊದಲ ಬ್ಯಾಡ, ವಾರಕ್ಕ ಒಂದ ಕ್ಲಾಸಿಗೆ ಹೋಗೋ ಹುಡುಗಿಗೆ ಪಾಯಿಂಟ್ ಹಚ್ಚಬ್ಯಾಡ್ರಿ, 8 ವರ್ಷಕ್ಕ ಶುರು ಮಾಡಿ ವಾರಕ್ಕ ಎರಡು ಸಲ ಕಲ್ತ ಹುಡುಗಿ ಇದ್ರ ನಾಕನೇ ವರ್ಷಕ್ಕ ನೋಡಬಹುದು, ಕೀಲು ಭಾಳ ಸಡ್ಲ ಇದ್ದ ಹುಡುಗಿಗೆ ಮೊದಲ ಬಲ ಬರೂತನಕ ತಡೀರಿ. ಈ ಕಡೀದು ಗಮನಿಸ್ರಿ. ಹೆಂಗ ಬೇಕಾದ್ರೂ ಮಣಿಯೋ ಹುಡುಗೀನ್ನ ನೋಡಿ ನಾವು "ಏನ್ ಮಣೀತದವ್ವಾ ಇದರ ಮೈ!" ಅಂತ ಖುಷಿ ಪಡ್ತೇವಿ. ಆದ್ರ ಅಂಥಾಕೀನ ತುದೀ ಮ್ಯಾಲೆ ಹರಡು ಹೊಳ್ಳಿಸ್ಕೊಳ್ಳೋದು ಹೆಚ್ಚು. ಮಣಿಯೂದು ಬ್ಯಾರೆ, ತಡಕೊಳ್ಳೋದು ಬ್ಯಾರೆ.

ಮನ್ಯಾಗ ನೋಡಲಿಕ್ಕೆ ಬರೋ ಮೂರು ಪರೀಕ್ಷಾ ಅವ. ಇವು ಟೀಚರ್ ಮಾತಿಗೆ ಬದಲಿ ಅಲ್ಲ, ಖರೇ, ಆದ್ರ ತಾಯಿ ಕಣ್ಣಿಗೆ ಒಂದು ಅಳತಿ.

ಒಂದನೇದು: ಹುಡುಗಿ ಕಾಲು ಚಾಚಿ ಕೂತು ಪಾದ ಮುಂದಕ್ಕ ಚೂಪ ಮಾಡ್ಲಿ. ಮೊಣಕಾಲ ಕೆಳಗಿನ ಎಲುವಿನಿಂದ ಪಾದದ ಬೆನ್ನಿನ ತನಕ, ಹರಡಿನ ಮ್ಯಾಲಿಂದ ಒಂದು ಪೆನ್ಸಿಲ್ ಇಡ್ರಿ. ಅದು ಸಪಾಟ ಕೂಡಬೇಕು. ಕೂಡ್ಲಿಲ್ಲಂದ್ರ ಹರಡು ಇನ್ನೂ ಅಷ್ಟು ಮಣಿಯಂಗಿಲ್ಲ. ಅಂಥಾಕಿ ತುದೀ ಮ್ಯಾಲೆ ನಿಂತಾಗ ಭಾರ ಹಿಂದ ಉಳೀತದ, ಮೊಣಕಾಲು ಮಡಚಿ ಹೆಂಗೋ ಸರಿ ಮಾಡ್ಕೊಳ್ತಾಳ.

ಎರಡನೇದು: ಒಂದ ಕಾಲ ಮ್ಯಾಲೆ ನಿಂತು, ಮೊಣಕಾಲು ಬಗ್ಗಿಸಲಾರದ, ಹಿಮ್ಮಡಿ 20 ಸಲ ಪೂರ್ತಿ ಎತ್ತಿ ಸಾವಕಾಶ ಇಳಸಬೇಕು. ಆಮ್ಯಾಲೆ ಇನ್ನೊಂದು ಕಾಲು. ಹತ್ತನೇದಕ್ಕ ಹರಡು ಒಳಗ ಹೊರಗ ಅಲಗಾಡಲಿಕ್ಕೆ ಹತ್ತಿತಂದ್ರ ಇನ್ನೂ ಟೈಮ್ ಅದ.

ಮೂರನೇದು: ಒಂದ ಕಾಲ ಮ್ಯಾಲೆ ನಿಂತು, ಇನ್ನೊಂದು ಕಾಲು ಹಿಂದ ಚಾಚಿ, ಮೈ ಮುಂದ ಬಾಗಿಸಿ ವಿಮಾನದಂಗ ನಿಲ್ಲಬೇಕು. ಹಂಗ ನಿಂತ ಕಾಲಿನ ಮೊಣಕಾಲು ಐದು ಸಲ ಬಗ್ಗಿಸಿ ಎತ್ತಬೇಕು. ಮೊಣಕಾಲು ಒಳಗ ಬೀಳಬಾರದು, ಸೊಂಟ ಒಂದು ಕಡೆ ಜೋಲಬಾರದು. ಪಾಯಿಂಟ್ ಅಂದ್ರ ಬರೇ ಪಾದದ ಮಾತಲ್ಲ ಅನ್ನೂದು ಇದರಾಗ ಗೊತ್ತಾಗ್ತದ.

ತಯಾರಿ ಅಂದ್ರ ಏನು ಮಾಡಬೇಕು? ದಿನಾ ಹತ್ತು ನಿಮಿಷ ಸಾಕು. ಹಿಮ್ಮಡಿ ಎತ್ತಿ ಇಳಸೂದು. ಬೆರಳು ಮಡಚಲಾರದ, ನೆಲಕ್ಕ ಉದ್ದಕ ಊರಿ ಇಟ್ಟು, ಅಂಗಾಲಿನ ಕಮಾನಷ್ಟ ಮ್ಯಾಲೆತ್ತೂದು. ರಬ್ಬರ್ ಪಟ್ಟಿ ಪಾದಕ್ಕ ಹಾಕಿ ಮುಂದಕ್ಕ ಒತ್ತೂದು. ಇವು ಬೇಸರದ ಕೆಲಸ, ಯಾರೂ ಫೋಟೋ ತಗಿಯಂಗಿಲ್ಲ. ಆದ್ರ ಮುಂದ ಕಾಲು ಉಳಸೂದು ಇವ. ಪಾದ ಸೋಫಾದ ಕೆಳಗ ಸಿಗಿಸಿ ಜಗ್ಗೂದು, ಗೆಳತಿ ಕಡಿಂದ ಪಾದದ ಮ್ಯಾಲೆ ಭಾರ ಹಾಕಿಸ್ಕೊಳ್ಳೋದು, ಇವನ್ನ ಹುಡುಗ್ಯಾರು ಒಬ್ಬರನ್ನೊಬ್ಬರು ನೋಡಿ ಮಾಡ್ತಾವ. ಕಂಡ್ರ ಬಿಡಸ್ರಿ.

ನಮಗ ಇದು ಹೊಸಾ ಮಾತಲ್ಲ. ಭರತನಾಟ್ಯ ಕಲಿಯೋ ಹುಡುಗಿಗೆ ಗೆಜ್ಜಿ ಯಾವಾಗ ಕಟ್ತೇವಿ? ಅಡವು ಗಟ್ಟಿ ಆದ ಮ್ಯಾಲೆ, ಗುರುಗಳು ಹ್ಞೂ ಅಂದ ಮ್ಯಾಲೆ, ಗೆಜ್ಜಿಪೂಜಾ ಮಾಡಿ. ಅಲ್ಲೀತನಕ ಬರೇ ಕಾಲಿನ್ಯಾಗ ತಟ್ಟಬೇಕು. "ಬಾಜೂ ಮನೀ ಹುಡುಗಿ ಕಟ್ಟ್ಯಾಳ, ನಮ್ಮಾಕಿಗೂ ಕಟ್ರಿ" ಅಂತ ಯಾವ ಅಜ್ಜೀನೂ ಗುರುಗಳ ಮುಂದ ಹೋಗಿ ನಿಂದರಂಗಿಲ್ಲ. ಗೆಜ್ಜಿಗೆ ಕಾಯೋ ನಮಗ ಪಾಯಿಂಟ್ ಶೂಕ್ಕ ಕಾಯಲಿಕ್ಕೆ ಯಾಕ ಆಗಂಗಿಲ್ಲ? ಅದು ಬಹುಮಾನದಂಗ ಕಾಣ್ತದ, ಅದಕ್ಕ. ಆದ್ರ ಅದು ಬಹುಮಾನ ಅಲ್ರಿ, ಹತಾರ.

"ಟೀಚರ್ ಹ್ಞೂ ಅಂದಾರ, ಇನ್ನ ನಮ್ಮದೇನು?" ಅಂತ ಕೇಳಬಹುದು. ಟೀಚರ್ ಮಾತಿಗೆ ಬೆಲಿ ಅದ, ಖರೇ. ಆದ್ರ ಕೆಲವು ಕಡೆ ಇಡೀ ಕ್ಲಾಸಿಗೆ ಒಂದ ಸಲ ಶೂ ಹಾಕಸ್ತಾರ, ಯಾಕಂದ್ರ ಒಬ್ಬಾಕಿಗೆ ಕೊಟ್ಟು ಇನ್ನೊಬ್ಬಾಕಿಗೆ ಬಿಟ್ರ ತಾಯಂದ್ರು ಜಗಳಕ್ಕ ಬರ್ತಾರ. ಆ ಜಗಳ ನಮ್ಮದ ಅಲ್ಲೇನು? ಅದಕ್ಕ ತಾಯಿ ಎರಡ ಪ್ರಶ್ನಿ ಕೇಳಲಿ. ನಮ್ಮ ಹುಡುಗೀನ್ನ ಒಂಟಿ ನಿಲ್ಲಿಸಿ ನೋಡೀರೇನು? ಮೊದಲ ಆರು ತಿಂಗಳು ಎಷ್ಟು ಹೊತ್ತು ಮಾಡಸ್ತೀರಿ? ಛೊಲೋ ಟೀಚರಿಗೆ ಈ ಪ್ರಶ್ನಿಗೆ ಸಿಟ್ಟು ಬರಂಗಿಲ್ಲ. ಮೊದಮೊದಲ ಕ್ಲಾಸಿನ ಕೊನಿಗೆ ಹತ್ತು-ಹದಿನೈದು ನಿಮಿಷ, ಅದೂ ಕಂಬಿ ಹಿಡಕೊಂಡು, ಎರಡೂ ಕಾಲ ಮ್ಯಾಲೆ. ಅಷ್ಟ ಇರಬೇಕು.

ಈಗ ಅಂಗಡಿ ಮಾತು. ಮೊದಲನೇ ಜೋಡಿ ಮನ್ಯಾಗ ಕೂತು ಆನ್‌ಲೈನ್ ತರಸಬ್ಯಾಡ್ರಿ. ಪಾಯಿಂಟ್ ಶೂ ಅಳತಿ ಮಾಡಿ ಹಾಕಿಸೋರು ಅಂತನ ಇರ್ತಾರ, ಅವರ ಕಡೆ ಹೋಗ್ರಿ. ಹೋಗೂಮುಂದ ಉಗುರು ತಗದಿರಲಿ, ಕ್ಲಾಸಿಗೆ ಹಾಕ್ಕೊಳ್ಳೋ ಬಿಗಿ ಕಾಲುಚೀಲ ಇರಲಿ. ಈ ಶೂಕ್ಕ ಎಡಾ-ಬಲಾ ಅನ್ನೂದಿಲ್ಲ, ಎರಡೂ ಒಂದ ನಮೂನಿ. ಆದ್ರ ಪಾದ ಒಂದ ನಮೂನಿ ಇರಂಗಿಲ್ಲ. ಕೆಲವರಿಗೆ ಹೆಬ್ಬೆರಳು ಉದ್ದ, ಕೆಲವರಿಗೆ ಎರಡನೇದು ಉದ್ದ, ಕೆಲವರಿಗೆ ಮೂರು ಬೆರಳು ಸಮ. ಒಬ್ಬಾಕೀವ ಎರಡು ಪಾದ ಸುದ್ದಾ ಹೆಚ್ಚುಕಮ್ಮಿ ಇರ್ತಾವ. ಅದಕ್ಕ ಹತ್ತು ಜೋಡಿ ಹಾಕಿ ನೋಡಿದ್ರೂ ನಾಚಬ್ಯಾಡ್ರಿ. ಸೀರಿ ಅಂಗಡ್ಯಾಗ ನಾವೇನು ಎರಡ ತಗಸ್ತೇವೇನು?

ಸರಿ ಕೂತದ ಅಂತ ಹೆಂಗ ಗೊತ್ತಾಗಬೇಕು? ನಿಂತಾಗ ಬೆರಳು ಉದ್ದಕ, ಸಪಾಟ ಇರಬೇಕು, ಮಡಚಿರಬಾರದು. ಮೊಣಕಾಲು ಬಗ್ಗಿಸಿದಾಗ ಬೆರಳ ತುದಿ ಶೂದ ತುದೀಗೆ ತಾಗಬೇಕು, ಮುರೀಬಾರದು. ಕಂಬಿ ಹಿಡದು ತುದೀ ಮ್ಯಾಲೆ ಏರಿದಾಗ ಹಿಮ್ಮಡಿ ಹತ್ರ ಒಂದು ಚಿವುಟಿನಷ್ಟು ಬಟ್ಟಿ ಕೈಗೆ ಸಿಗಬೇಕು, ಅದಕ್ಕಿಂತ ಹೆಚ್ಚು ಬ್ಯಾಡ. ಬದಿಗೆ ಗಟ್ಟಿ ಅಪ್ಪಿಕೊಂಡಿರಬೇಕು.

ಒಂದು ನಂಬರ ದೊಡ್ಡದು ತಗೊಂಡ್ರ ಏನಾಗ್ತದ ನೋಡ್ರಿ. ಪಾದ ಒಳಗ ಜಾರಿ ತಳಕ್ಕ ಹೋಗಿ ಕೂಡ್ತದ. ಇಡೀ ಮೈ ಭಾರ ಹೆಬ್ಬೆರಳಿನ ಉಗುರಿನ ಮ್ಯಾಲೆ ಬೀಳ್ತದ. ಉಗುರು ಕಪ್ಪಾಗ್ತದ, ಜಾಗಾ ಸಿಕ್ಕಲ್ಲೆ ಚರ್ಮ ಉಜ್ಜಿ ಗುಳ್ಳಿ ಏಳ್ತಾವ, ಶೂ ಹೊಳ್ಳಿ ಹರಡು ಉಳಕ್ತದ. ಹತ್ತಿ ತುರುಕಿದ್ರ ಇನ್ನೂ ಕೆಟ್ಟ, ಕಾಲಿಗೆ ನೆಲಾನ ತಿಳಿಯಂಗಿಲ್ಲ. ಬೆರಳಿಗೆ ತೆಳ್ಳನ್ನ ಪ್ಯಾಡ್ ಇಲ್ಲಾ ಕುರಿ ಉಣ್ಣಿ ಹಾಕೋ ಪದ್ಧತಿ ಅದ. ಅದು ಉಜ್ಜಬಾರದು ಅಂತ, ಸಡ್ಲ ಮುಚ್ಚಲಿಕ್ಕೆ ಅಲ್ಲ. ಅಳತಿ ನೋಡೂಮುಂದ ಆ ಪ್ಯಾಡ್ ಹಾಕ್ಕೊಂಡ ನೋಡಬೇಕು.

ಅಕ್ಕನ ಶೂ ತಂಗಿಗೆ ಕೊಡೂದೂ ಬ್ಯಾಡ. ಒಳಗಿನ ಪಟ್ಟಿ ಅಕ್ಕನ ಕಮಾನಿಗೆ ಬಾಗಿರ್ತದ, ಬಾಕ್ಸ್ ಅಕ್ಕನ ಬೆವರಿಗೆ ಮೆತ್ತಗಾಗಿರ್ತದ. ಆ ಶೂ ತಂಗೀನ್ನ ಹಿಡಿಯಂಗಿಲ್ಲ. ಜೋಡಿ ಸೋವಿ ಅಲ್ಲ, ನನಗೂ ಗೊತ್ತು. ಹಂಗಂದ್ರ ಹುಟ್ಟಿದ ಹಬ್ಬಕ್ಕ ಊರಿಂದ ಕಳಸೋ ನಾಕನೇ ಫ್ರಾಕಿನ ಬದಲಿ ಆ ರೊಕ್ಕಾನ ಶೂಕ್ಕ ಅಂತ ಕಳಸ್ರಿ.

ಇನ್ನ ಹೊಲಿಗಿ. ಇದು ನಮ್ಮ ರಾಜ್ಯ. ಪಾಯಿಂಟ್ ಶೂ ಬಹುತೇಕ ರಿಬ್ಬನ್ ಇಲ್ಲದನ ಬರ್ತದ, ಮನ್ಯಾಗ ಹೊಲಕೋಬೇಕು. ಮೊದಲ ಟೀಚರಿಗೆ ತೋರಸ್ರಿ, ಅವರು ಹ್ಞೂ ಅಂದ ಮ್ಯಾಲೆ ಸೂಜಿ ಹಿಡೀರಿ. ಹೊಲದ ಶೂ ಅಂಗಡಿಯವರು ವಾಪಸ್ ತಗೊಳ್ಳಂಗಿಲ್ಲ. ಒಂದು ಜೋಡಿಗೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ರಿಬ್ಬನ್ ಬೇಕು, ನಾಕು ತುಂಡು ಮಾಡ್ರಿ. ನೈಲಾನ್ ಇದ್ರ ತುದಿ ಕಡ್ಡಿ ಗೀರಿ ಸ್ವಲ್ಪ ಸುಡ್ರಿ, ಎಳಿ ಬಿಚ್ಚಂಗಿಲ್ಲ. ಶೂದ ಹಿಮ್ಮಡಿ ಭಾಗ ಒಳಗ ಮಡಚಿದ್ರ ಎರಡೂ ಬದಿಗೆ ಒಂದೊಂದು ಮೂಲಿ ಆಗ್ತದ, ರಿಬ್ಬನ್ ಅಲ್ಲೆ, ಸ್ವಲ್ಪ ಮುಂದಕ್ಕ ವಾರಿ ಮಾಡಿ ಬರಬೇಕು. ಸೂಜಿ ಒಳಗಿನ ಬಟ್ಟಿ ಹಿಡೀಲಿ, ಹೊರಗಿನ ಸ್ಯಾಟಿನ್ ಮ್ಯಾಲೆ ಟಾಕಿ ಕಾಣಬಾರದು. ಮುಖ್ಯ, ಲಾಡಿ ಮ್ಯಾಲೆ ಹೊಲಿಗಿ ಬೀಳಬಾರದು, ಬಿದ್ರ ಆಮ್ಯಾಲೆ ಜಗ್ಗಿ ಬಿಗಿ ಮಾಡಲಿಕ್ಕೆ ಬರಂಗಿಲ್ಲ. ದಾರ ಗಟ್ಟಿದು ಇರಲಿ. ಹಲ್ಲಿನ ಸಂದಿ ಸ್ವಚ್ಛ ಮಾಡೋ ಫ್ಲಾಸ್ ದಾರದ್ಲೆ ಹೊಲಿಯೋರು ಭಾಳ ಮಂದಿ ಇದ್ದಾರ, ಅದು ಹರಿಯಂಗಿಲ್ಲ. ಹಿಮ್ಮಡಿಗೆ ಒಂದು ಇಲಾಸ್ಟಿಕ್ ಹಾಕಿದ್ರ ಶೂ ಕಳಚಂಗಿಲ್ಲ. ಕಟ್ಟೂಮುಂದ ಪಾದ ನೆಲಕ್ಕ ಪೂರ್ತಿ ಊರಿರಬೇಕು. ಗಂಟು ಒಳಗಿನ ಬದಿಗೆ, ಹರಡಿನ ಎಲುವಿಗೂ ಹಿಂದಿನ ನರಕ್ಕೂ ನಡುವಿನ ತಗ್ಗಿನ್ಯಾಗ. ನರದ ಮ್ಯಾಲೆ ಗಂಟು ಬಂದ್ರ ನೋವು ಬರ್ತದ.

ಹೊಲಿಗಿ ಹುಡುಗಿಗೂ ಕಲಸ್ರಿ. ದೊಡ್ಡ ದೊಡ್ಡ ಕಲಾವಿದರೂ ತಮ್ಮ ರಿಬ್ಬನ್ ತಾವ ಹೊಲಕೊಳ್ತಾರ. ಸೂಜಿ ಹಿಡಿಯಲಿಕ್ಕೆ ಬರಲಾರದಾಕಿಗೆ ತನ್ನ ಶೂದ ಕಷ್ಟ-ಸುಖ ತಿಳಿಯಂಗಿಲ್ಲ.

ಹದಾ ಮಾಡೂದ್ರಾಗ ಅವಸರ ಮಾಡಬ್ಯಾಡ್ರಿ. ಬಾಗಲದಾಗ ಸಿಗಿಸಿ ಮುರಿಯೂದು, ಕಲ್ಲಿಗೆ ಬಡಿಯೂದು, ಅದೆಲ್ಲಾ ಒಂದ ಪ್ರಯೋಗದಾಗ ಒಂದು ಜೋಡಿ ಮುಗಿಸೋ ದೊಡ್ಡ ಕಲಾವಿದರ ಪದ್ಧತಿ. ಹೊಸದಾಗಿ ಕಲಿಯೋರಿಗೆ ಆ ಬಿರುಸ ಆಸರಾ. ಕೈಲೆ ಬಾಕ್ಸಿನ ಬದಿ ಸ್ವಲ್ಪ ಒತ್ತಿ, ಹಾಕ್ಕೊಂಡು ಹಿಮ್ಮಡಿ ಎತ್ತಿ-ಇಳಿಸಿ ಮಾಡಿದ್ರ ಸಾಕು. ಟೀಚರ್ ಇಲ್ಲದ ಮನ್ಯಾಗ ತುದೀ ಮ್ಯಾಲೆ ಏರೂದು ಬ್ಯಾಡ, ಅಜ್ಜಿಗೆ ವಿಡಿಯೋ ಕಾಲಿನ್ಯಾಗ ತೋರಸಲಿಕ್ಕಂತೂ ಬ್ಯಾಡ. ಕ್ಲಾಸ್ ಆದ ಮ್ಯಾಲೆ ಪ್ಯಾಡ್ ತಗದು ಗಾಳಿಗೆ ಇಡ್ರಿ, ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಇಡಬ್ಯಾಡ್ರಿ. ಹಸೀ ಇದ್ದಾಗ ಪೇಪರ್ ಬುಟ್ಟಿ ಕೂತು ಹೋಗೂದಿಲ್ಲೇನು, ಹಂಗ ಬೆವರಿಗೆ ಇದೂ ಕೂತು ಹೋಗ್ತದ.

ಕಾಲಿನ ಉಪಚಾರ ಭಾಳ ಇಲ್ಲ. ಉಗುರು ಸಣ್ಣವಿರಲಿ, ನೆಟ್ಟಗ ಕತ್ತರಿಸ್ರಿ, ಮೂಲಿ ಒಳಗ ಕೊರೀಬ್ಯಾಡ್ರಿ. ನಮ್ಮ ಅಂಗಾಲಿಗೆ ಎಣ್ಣಿ ತಿಕ್ಕೋ ಪದ್ಧತಿ ಛೊಲೋನ, ಆದ್ರ ಕ್ಲಾಸಿಗೆ ಹೋಗೂ ಮೊದಲ ಬ್ಯಾಡ. ಬಿಸಿ ನೀರಾಗ ಕಾಲು ನೆನಸೂದೂ ಆಗ ಬ್ಯಾಡ. ಮೆತ್ತಗಾದ ಚರ್ಮ ಲಗೂ ಸುಲೀತದ. ಬಿರುಸಾದ ಚರ್ಮಾನ ಕಲ್ಲಿಲೆ ತಿಕ್ಕಿ ಪೂರ್ತಿ ತಗೀಬ್ಯಾಡ್ರಿ, ಅದ ಆಕಿ ಕವಚ.

ಇನ್ನ ನೋವಿನ ಮಾತು. ಮೀನಖಂಡ ದಣದು ನೋಯ್ತಾವ, ಗುಳ್ಳಿ ಏಳ್ತಾವ, ಅವು ನಾಕ ದಿನದಾಗ ಹೋಗ್ತಾವ. ಆದ್ರ ಹರಡಿನ ಹಿಂದ ಚುಚ್ಚೂದು, ಹೆಬ್ಬೆರಳಿನ ಬುಡ ಬಾಯೂದು, ಬೆರಳು ಜೋಮು ಹಿಡಿಯೂದು, ಮರುದಿನ ಮುಂಜಾನೆ ಎದ್ದಾಗೂ ಉಳಿಯೋ ನೋವು, ಇವು ಬ್ಯಾರೆ. ಇವಕ್ಕ ಶೂ ತಗದಿಟ್ಟು ಡಾಕ್ಟರಿಗೆ ತೋರಸಬೇಕು. "ಕಲೀಬೇಕಂದ್ರ ಸಹಿಸ್ಕೋಬೇಕು" ಅಂತ ಹೇಳೋರು ಸಿಗ್ತಾರ. ಹೆಣ್ಣುಮಕ್ಕಳಿಗೆ ಸಹಿಸ್ಕೋ ಅಂತ ಕಲಿಸಿದ್ದು ನಮ್ಮ ತಲಿಮಾರಿಗೆ ಸಾಕ್ರಿ. ನೋಯ್ತದ ಅಂತ ಬಾಯಿ ಬಿಟ್ಟು ಹೇಳೂದನ್ನ ಈಗಿನ ಹುಡುಗ್ಯಾರಿಗೆ ಕಲಸೋಣ.

ಮತ್ತ ಊಟ. ಹನ್ನೆರಡು-ಹದಿಮೂರರ ವಯಸ್ಸು ಎಲುವು ಗಟ್ಟಿ ಆಗೋ ವಯಸ್ಸು. ಅದ ವಯಸ್ಸಿನ್ಯಾಗ ಕನ್ನಡಿ ಮುಂದ ದಿನಾ ಬಿಗಿ ಅರಿವಿ ಹಾಕ್ಕೊಂಡು ನಿಂದರೋ ಹುಡುಗಿಗೆ ನಾವು ಫೋನಿನ್ಯಾಗ "ಸ್ವಲ್ಪ ಮೈ ಬಂದದಲ್ಲ" ಅಂದ್ರ, ಆಕಿ ಮರುದಿನದಿಂದ ಅರ್ಧಾ ಊಟ ಬಿಡ್ತಾಳ. ಊಟ ಬಿಟ್ಟು ಕುಣಿಯೋ ಹುಡುಗೀಗೆ ಮುಟ್ಟು ತಡಾ ಆಗ್ತದ ಇಲ್ಲಾ ನಿಲ್ತದ, ಎಲುವು ಸೊರಗಿ ಕೂದಲೆಳಿಯಷ್ಟು ಸೀಳ್ತಾವ. ಹಾಲು, ಮಸರು, ರೊಟ್ಟಿ, ಬ್ಯಾಳಿ, ಶೇಂಗಾ, ಎಳ್ಳು ಹೊಟ್ಟಿ ತುಂಬ ತಿನ್ನೂದೂ ಪಾಯಿಂಟಿನ ತಯಾರೀನ. ಮೈ ಬಗ್ಗೆ ಮಾತಾಡೂದು ಅಜ್ಜಿಗೂ ಬ್ಯಾಡ, ಅತ್ತಿಗೂ ಬ್ಯಾಡ, ವೈನಿಗೂ ಬ್ಯಾಡ.

ಎಷ್ಟೋ ಹುಡುಗ್ಯಾರು ಬ್ಯಾಲೆ ಕಲ್ತೂ ಪಾಯಿಂಟ್ ಹಾಕ್ಕೊಳ್ಳಂಗಿಲ್ಲ. ಅವರ ಹರಡು ಮಣಿಯಂಗಿಲ್ಲ, ಇಲ್ಲಾ ವಾರಕ್ಕ ಒಂದ ಕ್ಲಾಸ್ ಆಗ್ತದ, ಇಲ್ಲಾ ಮನಸ್ಸಿಲ್ಲ. ಅವರೂ ಮೆತ್ತನ್ನ ಶೂದಾಗ ಛೊಲೋ ಕುಣೀತಾರ, ಅದೇನು ಸೋತಂಗಲ್ಲ. ಹದಿನಾಕಕ್ಕ ತಯಾರಾದ್ರ ಹದಿನಾಕಕ್ಕ ಹಾಕ್ಕೊಳ್ಳಲಿ. ಎರಡು ವರ್ಷ ತಡಾ ಆದ್ರ ನಾಚಕೀ ಆಗೂದು ನಮಗ, ಅವಸರ ಮಾಡಿದ್ರ ಕುಂಟೂದು ಆಕಿ.

ಅದಕ್ಕ ಮುಂದಿನ ಸಲ ಫೋನ್ ಹಚ್ಚಿದಾಗ "ತುದೀ ಮ್ಯಾಲೆ ಯಾವಾಗ?" ಅಂತ ಕೇಳಬ್ಯಾಡ್ರಿ. ಈ ವಾರ ಏನು ಕಲ್ತಿ, ಕಾಲು ನೋಯ್ತಾವೇನು, ಊಟ ಆತೇನು, ಇಷ್ಟು ಕೇಳ್ರಿ. ಶೂ ಬಂದಾಗ ಆಕೀನ ಹೇಳ್ತಾಳ.